ಕಳಕವ್ವನ ಕೊರಳಿನ ಕೂಗು

ಕ್ರಿ.ಶ. 2219, ಎರಡನೆಯ ಬೇಸಿಗೆಯ ಮೂವತ್ತೆರಡನೆಯ ತಾರೀಖು
ಏಳನೆಯ ಪಂಕ್ತಿ, ಕಪ್ಪತಗುಡ್ಡದ ಒಳಮಗ್ಗುಲು

ಕೊಟ್ರವ್ವನ ಮೊಮ್ಮಗಳ ಮೊಮ್ಮಗಳಿಗೆ,

ಈ ತಾರೀಖನ್ನು ನೋಡಿ ನಿನಗೆ ನಗು ಬಂದೀತು. ನಿನ್ನ ಕಾಲದಲ್ಲಿ ಬೇಸಿಗೆಗಳು ಎಷ್ಟಿವೆಯೋ ನನಗೆ ತಿಳಿಯದು. ನಮ್ಮಲ್ಲಿ ವರ್ಷಕ್ಕೆ ಎರಡು. ಎರಡನೆಯದು ಬಂದಾಗ ತಿಂಗಳ ಲೆಕ್ಕ ಬಿಟ್ಟು ದಿನಗಳನ್ನಷ್ಟೇ ಎಣಿಸುತ್ತೇವೆ. ನನ್ನ ಮಾತುಗಳೂ ನಿನಗೆ ವಿಚಿತ್ರವಾಗಿ ಕೇಳಿಸಬಹುದು. ಕೂಗು, ಬಿಲ್ಲೆ, ಪಂಕ್ತಿ, ಒತ್ತುಂಡೆ ಎಂದೆಲ್ಲ ಬರೆಯಬೇಕಾಗುತ್ತದೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಆದರೂ ತಿಳಿಯದಿದ್ದರೆ ಕ್ಷಮಿಸು. ನಿನ್ನಲ್ಲಿ ಅದೊಂದಕ್ಕೇ ಕ್ಷಮೆ ಕೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ನನ್ನ ಹೆಸರು ಫಕೀರವ್ವ. ವಯಸ್ಸು ಎಪ್ಪತ್ತೆರಡು. ಮೂವತ್ತು ವರ್ಷ ಈ ಪಂಕ್ತಿಯ ಕೊರಳುಗಾರ್ತಿಯಾಗಿದ್ದೆ. ನಿಮ್ಮ ವಂಶದ ಕಳಕವ್ವ, ಅಂದರೆ ಕೊಟ್ರವ್ವನ ತಾಯಿ, ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಅವಳು ಗಾಳಿಗೋಪುರದ ಮೆಟ್ಟಿಲಿನಿಂದ ಬಿದ್ದು ಸತ್ತಳೆಂದು ನಿಮ್ಮ ಮನೆಯಲ್ಲಿ ಇಂದಿಗೂ ಹೇಳಿಕೊಂಡು ಬಂದಿರಬಹುದು. ಅವಳು ಬೀಳಲಿಲ್ಲ. ಆ ಕತೆಯನ್ನು ಕಟ್ಟಿದವಳು ನಾನು. ಇಪ್ಪತ್ತೆರಡು ವರ್ಷ ಅದನ್ನು ಒಂದು ಅಕ್ಷರವೂ ತಪ್ಪದಂತೆ ಹೇಳುತ್ತಾ ಬಂದಿದ್ದೇನೆ.

ಮೊದಲು ನಾವು ಬದುಕುವ ರೀತಿಯನ್ನು ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿನಗೆ ಬರೀ ದಡ್ಡತನವಾಗಿ ಕಾಣುತ್ತದೆ. ಅದು ದಡ್ಡತನಕ್ಕಿಂತ ಕೆಟ್ಟದ್ದು. ನಮ್ಮ ಮನೆಗಳು ಗುಡ್ಡದ ಮಗ್ಗುಲನ್ನು ಕೊರೆದು ಮಾಡಿದವು. ಹೊರಗಿನ ಬಿಸಿಲಿನಲ್ಲಿ ಬೆಳಿಗ್ಗೆ ಎರಡು ತಾಸು, ಸಂಜೆ ಒಂದು ತಾಸು ಓಡಾಡಬಹುದು. ಮಿಕ್ಕ ಹೊತ್ತು ಒಳಗೇ. ನಲವತ್ತು ಜನಕ್ಕೆ ಒಂದು ಅಡುಗೆಮನೆ, ಒಂದು ಊಟದ ಪಡಸಾಲೆ. ಆ ನಲವತ್ತು ಜನವೇ ಒಂದು ಪಂಕ್ತಿ. ಗುಡ್ಡದ ನೆತ್ತಿಯ ಮೇಲಿನ ಗಾಳಿಗೋಪುರಗಳು ಹುಟ್ಟಿಸುವ ಕರೆಂಟಿನಿಂದ ತಣ್ಣನೆಯ ಗಾಳಿಯನ್ನು ಒಂದೊಂದು ಪಂಕ್ತಿಗೆ ಪಾಳಿಯ ಮೇಲೆ ಬಿಡುತ್ತಾರೆ. ಮಧ್ಯಾಹ್ನದ ಮೊದಲ ಪಾಳಿ ಸಿಕ್ಕ ಪಂಕ್ತಿಯ ಮಕ್ಕಳು ಊಟ ಮಾಡಿ ನಿದ್ದೆ ಮಾಡುತ್ತವೆ. ಕೊನೆಯ ಪಾಳಿಯವರ ಮಕ್ಕಳು ಅತ್ತು ಅತ್ತು ಸುಸ್ತಾಗುತ್ತವೆ. ಆದ್ದರಿಂದ ಪಾಳಿಯೆಂದರೆ ನಮಗೆ ಮಾನ, ಮರ್ಯಾದೆ, ಎಲ್ಲವೂ. ನಮ್ಮ ಅಜ್ಜಂದಿರ ಕಾಲದಲ್ಲಿ ಹನ್ನೆರಡು ವರ್ಷ ಜೋಳ ಬೆಳೆಯಲಿಲ್ಲವಂತೆ. ಆಗ ಎಣ್ಣೆ, ಹಿಟ್ಟು, ಸಕ್ಕರೆಯನ್ನು ಒತ್ತಿ ಮಾಡಿದ ಒತ್ತುಂಡೆ ಎಂಬ ಆಹಾರ ಬಂತು. ಜೀವ ಉಳಿಸಿತು, ಸುಳ್ಳಲ್ಲ. ಜೋಳ ಮರಳಿ ಬಂದರೂ ಒತ್ತುಂಡೆ ಹೋಗಲಿಲ್ಲ. ಬಾಗಿಲು ಮುಚ್ಚಿಕೊಂಡು ಕೂತು ಒತ್ತುಂಡೆ ತಿನ್ನುವ ಜನ ದಪ್ಪಗಾಗದೆ ಇನ್ನೇನಾಗುತ್ತಾರೆ? ಇಂದು ಪಂಕ್ತಿಯ ಅರ್ಧ ಜನ ತೂಕದವರು. ನಾನೂ ಬಡಕಲೇನಲ್ಲ.

ಇನ್ನು ಕೂಗಿನ ವಿಷಯ. ಕೊರಳಿನಲ್ಲಿ ಚಿಟ್ಟೆಯಾಕಾರದ ಒಂದು ಗ್ರಂಥಿಯಿದೆ, ಹಳಬರು ಅದನ್ನು ಥೈರಾಯ್ಡ್ ಎನ್ನುತ್ತಿದ್ದರು. ಮೈಯ ಒಲೆಯ ಉರಿ ಎಷ್ಟಿರಬೇಕೆಂದು ನೋಡಿಕೊಳ್ಳುವುದು ಅದರ ರಸ. ಆ ಗ್ರಂಥಿ ತನ್ನಿಷ್ಟಕ್ಕೆ ಕೆಲಸ ಮಾಡುವುದಿಲ್ಲ. ಮಿದುಳಿನ ತಳದಲ್ಲಿರುವ ಒಂದು ಜಾಗ, ಅದರ ಕೆಳಗೆ ನೇತಾಡುವ ಕಡಲೆಕಾಳಿನಷ್ಟು ಗ್ರಂಥಿಗೆ ಹೇಳುತ್ತದೆ. ಅದು ಕೊರಳಿಗೆ ಕೂಗಿ ಹೇಳುತ್ತದೆ. ಹಾಗೆ ರಕ್ತದಲ್ಲಿ ಬರುವ ಆ ಕರೆಯನ್ನು ಹಳಬರು ಟಿಎಸ್‌ಎಚ್ ಎಂದು ಬರೆದರು, ನಾವು ಕೂಗು ಎನ್ನುತ್ತೇವೆ. ಕೊರಳು ಸರಿಯಾಗಿ ಕೆಲಸ ಮಾಡಿದರೆ ಮಿದುಳು ಮೆಲ್ಲಗೆ ಕೂಗುತ್ತದೆ, ಮಾಡದಿದ್ದರೆ ಜೋರಾಗಿ. ನಮ್ಮಲ್ಲಿ ಹತ್ತು ವರ್ಷ ತುಂಬಿದ ಪ್ರತಿಯೊಬ್ಬರ ಕೊರಳಿಗೂ ಒಂದು ಬಿಲ್ಲೆ ಕಟ್ಟುತ್ತಾರೆ. ತಾಳಿಯ ಗುಂಡಿನಷ್ಟು ದೊಡ್ಡದು. ಅದು ರಕ್ತ ನೋಡಿ ಕೂಗಿನ ಅಂಕಿಯನ್ನು ತೋರಿಸುತ್ತದೆ. ನಾಲ್ಕರ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. ಅಂಕಿಗಳನ್ನು ಓದಿ ಗುಳಿಗೆ ಕೊಡುವವಳೇ ಕೊರಳುಗಾರ್ತಿ. ಈಗ ಗಂಡು ಹೆಣ್ಣು ನೋಡುವಾಗ ಕುಂಡಲಿ ಕೇಳುವುದಿಲ್ಲ, ಕೂಗು ಎಷ್ಟು ಎಂದು ಕೇಳುತ್ತಾರೆ. ಮಕ್ಕಳು ಜಗಳವಾಡಿದರೆ ಬೈಯುವ ಬೈಗುಳವೂ ಅದೇ: "ನಿನ್ನ ತಲಿ ನಿನಗ ಒದರಾಕತ್ತೈತಿ, ಹೋಗಲೇ."

ನನಗೆ ಆ ಅಂಕಿಯ ಮೇಲೆ ಯಾಕೆ ಅಷ್ಟು ನಂಬಿಕೆಯೆಂದರೆ ಅದು ನನ್ನ ಅವ್ವನನ್ನು ಉಳಿಸಿತ್ತು. ನಾನು ಹನ್ನೆರಡು ವರ್ಷದವಳಿದ್ದಾಗ ಅವ್ವ ಎಂಥ ಸೆಕೆಯಲ್ಲೂ ಕೌದಿ ಹೊದ್ದು ನಡುಗುತ್ತಿದ್ದಳು. ಮುಖ ಊದಿತ್ತು, ದನಿ ಗಡುಸಾಗಿತ್ತು, ಕರೆದರೆ ತುಂಬಾ ಹೊತ್ತಿನ ಮೇಲೆ ಓಗೊಡುತ್ತಿದ್ದಳು. ಆಗಿನ ಕೊರಳುಗಾರ್ತಿ ನೋಡಿದಾಗ ಕೂಗು ಅರವತ್ತು ದಾಟಿತ್ತು. ಗುಳಿಗೆ ಶುರುವಾಗಿ ಮೂರು ತಿಂಗಳಿಗೆ ಅವ್ವ ಎದ್ದು ರೊಟ್ಟಿ ಬಡಿದಳು. ಆ ಸಪ್ಪಳ ಕೇಳಿ ನಾನು ಅತ್ತಿದ್ದೇನೆ. ನಮ್ಮ ಪಂಕ್ತಿಯ ಪದ್ಧತಿ ಹುಟ್ಟಿದ್ದೂ ಅವ್ವನಂಥವರಿಗಾಗಿಯೇ: ಕೂಗು ಜೋರಿದ್ದವರಿಗೆ ಚಳಿಯಾಗುತ್ತದೆ, ಆದ್ದರಿಂದ ಊಟಕ್ಕೆ ಅವರನ್ನು ಒಲೆಯ ಪಕ್ಕ ಕೂರಿಸಬೇಕು. ಕೂಗು ಕಡಿಮೆ ಇದ್ದವರು ಗಾಳಿಕಿಂಡಿಯ ಕಡೆ. ಕರುಣೆಯಿಂದ ಹುಟ್ಟಿದ ಪದ್ಧತಿ ಅದು. ಕೆಂಪು ಬಿಲ್ಲೆಯವರು ಒಲೆಯ ಪಕ್ಕ, ಹಸಿರು ಬಿಲ್ಲೆಯವರು ಗಾಳಿಯ ಪಕ್ಕ ಎಂದು ನಮಗೆ ರೂಢಿಯಾಗಿಬಿಟ್ಟಿತ್ತು. ಯಾರನ್ನೂ ನಿನಗೆ ಚಳಿಯೋ ಸೆಕೆಯೋ ಎಂದು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಕಳಕವ್ವ ನಮ್ಮ ಮನೆಗೆ ಬಂದಾಗಲೇ ತೂಕದ ಹೆಂಗಸು. ನಾನು ಅವಳನ್ನು ಪ್ರೀತಿಸುತ್ತಿದ್ದೆ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಈ ಕಾಗದದಲ್ಲಿ ಸುಳ್ಳು ಬೇಡ. ಅವಳನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿತ್ತು. ಪಡಸಾಲೆಗೆ ಅವಳು ಕಾಲಿಟ್ಟರೆ ಜನ ನಗಲು ಶುರುಮಾಡುತ್ತಿದ್ದರು. ನಾನು ಕಾಲಿಟ್ಟರೆ ಬಿಲ್ಲೆ ಸರಿಮಾಡಿಕೊಳ್ಳುತ್ತಿದ್ದರು. ಅವಳ ಕೆಲಸ ಮೂರನೆಯ ಗಾಳಿಗೋಪುರದ್ದು. ದಿನಾ ನಸುಕಿಗೆ ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ರೆಕ್ಕೆಯ ಬುಡದ ಧೂಳು ಒರೆಸಿ, ಎಣ್ಣೆ ಹಾಕಿ ಇಳಿದು ಬರುತ್ತಿದ್ದಳು. ಅವಳ ಜೊತೆ ಹತ್ತಿದ ತೆಳ್ಳನೆಯ ಹುಡುಗಿಯರು ಇನ್ನೂರನೆಯ ಮೆಟ್ಟಿಲಿಗೆ ಏದುಸಿರು ಬಿಡುತ್ತಿದ್ದರಂತೆ. ಅವಳು ಹತ್ತುತ್ತಲೇ ಪದ ಹಾಡುತ್ತಿದ್ದಳು. ಅವಳ ಬಿಲ್ಲೆ ಮಾತ್ರ ವರ್ಷಗಟ್ಟಲೆ ಕೆಂಪು. ಏಳು, ಏಳೂವರೆ, ಮತ್ತೆ ಏಳು.

ನೀನು ಈಗಾಗಲೇ ಗಮನಿಸಿರಬೇಕು. ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತುವವಳ ಕೊರಳಗ್ರಂಥಿ ಸೋಮಾರಿಯೆಂದು ಪಂಕ್ತಿಯ ನಲವತ್ತು ಜನ ಒಪ್ಪಿಕೊಂಡಿದ್ದೆವು. ಅವಳು ಒಲೆಯ ಪಕ್ಕ ಕೂತು ಸೆರಗಿನಿಂದ ಮುಖ ಒರೆಸುತ್ತಾ ಉಣ್ಣುತ್ತಿದ್ದಳು. ಅವಳ ಬೆನ್ನಿನ ರವಿಕೆ ಒದ್ದೆಯಾಗಿರುತ್ತಿತ್ತು. ಒಂದು ದಿನ ಎಲ್ಲರೆದುರು ಹೇಳಿಯೂಬಿಟ್ಟಳು: "ಯಕ್ಕಾ, ಚಳಿ ಅಂತ ನನ್ನ ಇಲ್ಲಿ ಕುಂದ್ರಿಸೀರಿ. ನನಗ ಚಳಿ ಎಲ್ಲೈತಿ? ಬೆವರು ನೋಡ ಹ್ಯಾಂಗ ಇಳಿಯಾಕತ್ತೈತಿ. ನಾನೂ ಒಂದೀಟು ಗಾಳಿ ಕಡೆ ಬರ್ಲೇನು?" ನಾನು ಅವಳ ಬೆವರು ನೋಡಲಿಲ್ಲ. ಅವಳ ಬಿಲ್ಲೆ ನೋಡಿದೆ. "ಏಳು ಐತಿ ನೋಡವ್ವಾ. ನಿನಗ ಚಳಿ ಆಗಾಕತ್ತೈತಿ, ನಿನಗ ಗೊತ್ತಾಗವಲ್ದು" ಎಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ರೊಟ್ಟಿ ಮುರಿದುಕೊಂಡು ಅಲ್ಲೇ ಕೂತು ಉಂಡಳು.

ಅವಳಿಗೆ ಗುಳಿಗೆ ಕೊಟ್ಟದ್ದು ಅವಳ ಒಳ್ಳೆಯದಕ್ಕೆ ಎಂದು ಹೇಳಿಕೊಂಡು ಬಂದಿದ್ದೇನೆ. ನಿಜವಾದ ಕಾರಣ ಪಾಳಿ. ಒಬ್ಬರ ಕೂಗೂ ನಾಲ್ಕು ದಾಟದ ಪಂಕ್ತಿಗೆ ಮೊದಲ ತಂಪುಪಾಳಿ ಎಂದು ಗುಡ್ಡದ ಸಭೆ ಆ ವರ್ಷ ಸಾರಿತು. ನಮ್ಮಲ್ಲಿ ಕೆಂಪು ಬಿಲ್ಲೆ ಉಳಿದಿದ್ದು ಒಂದೇ. ಪಂಕ್ತಿಯ ಮಾನವನ್ನು ಒಬ್ಬಳೇ ಹಿಡಿದು ಕೆಳಗೆ ಎಳೆಯುತ್ತಿದ್ದಾಳೆ ಎಂದು ನನ್ನ ತಲೆಗೆ ಹೊಕ್ಕಿತು. ಒಂದು ಗುಳಿಗೆ ಕೊಟ್ಟೆ, ಕೂಗು ಐದಕ್ಕೆ ಬಂತು. ಎರಡು ಕೊಟ್ಟೆ, ಮೂರಕ್ಕೆ ಬಂತು. ಬಿಲ್ಲೆ ಹಸಿರಾದ ದಿನ ಪಡಸಾಲೆಯಲ್ಲಿ ಹೋಳಿಗೆ ಮಾಡಿಸಿದೆ. ಕಳಕವ್ವ ಗಾಳಿಕಿಂಡಿಯ ಪಕ್ಕ ಕೂತು, ಕಣ್ಣು ಮುಚ್ಚಿ, ಗಾಳಿಗೆ ಮುಖ ಒಡ್ಡಿದಳು. ಅಲ್ಲಿಗೆ ನಿಲ್ಲಿಸಿದ್ದರೂ ಅವಳು ಬದುಕುತ್ತಿದ್ದಳೋ ಏನೋ. ಆದರೆ ತೂಕ ಸ್ವಲ್ಪ ಇಳಿದಿತ್ತು, ಜನ ಹೊಗಳುತ್ತಿದ್ದರು, ಬೇರೆ ಪಂಕ್ತಿಯ ಕೊರಳುಗಾರ್ತಿಯರು ನನ್ನನ್ನು ಕೇಳಿಕೊಂಡು ಬರುತ್ತಿದ್ದರು. ಕೂಗು ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ ಎಂದುಕೊಂಡು ಮೂರನೆಯ ಗುಳಿಗೆ ಶುರುಮಾಡಿದೆ. ಕೂಗು ಸೊನ್ನೆಯ ಹತ್ತಿರ ಬಂತು. ಬಿಲ್ಲೆಗೆ ನಾಲ್ಕರ ಕೆಳಗಿನದೆಲ್ಲ ಹಸಿರೇ. ತೂಕ ಭರಭರನೆ ಇಳಿಯಿತು. ನಾನು ಅದನ್ನು ಚೆಂದದ ಅಕ್ಷರದಲ್ಲಿ ಬರೆದು ಸಭೆಗೆ ಕಳಿಸಿದೆ.

ಅವಳು ನನಗೆ ಹೇಳಲಿಲ್ಲವೆಂದಲ್ಲ. ಒಮ್ಮೆ ಬಟ್ಟೆ ಒಗೆಯುವಾಗ ನನ್ನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. "ಯಕ್ಕಾ, ನೋಡಿಲ್ಲೆ. ಒಳಗ ಗುಬ್ಬಿ ಸಿಕ್ಕೊಂಡಂಗ ಬಡಕೊಳ್ಳತೈತಿ. ನಿದ್ದಿ ಹತ್ತವಲ್ದು. ಎಣ್ಣಿ ಹಾಕುವಾಗ ಕೈ ನಡಗತಾವು." ನನ್ನ ಅಂಗೈಗೆ ಆ ಬಡಿತ ತಾಕಿತು. ಒಂದು ಬಡಿತ, ಎರಡು, ನಡುವೆ ಖಾಲಿ, ಮತ್ತೆ ನಾಲ್ಕು ಒಟ್ಟಿಗೆ. ಈಗಲೂ ಈ ಅಂಗೈಯಲ್ಲಿ ಅದಿದೆ. ನಾನು ಕೈ ಎಳೆದುಕೊಂಡು, "ಕೊಬ್ಬು ಕರಗೂ ಹೊತ್ತಿಗೆ ಹಂಗ ಆಗತೈತಿ. ಒಂದು ತಿಂಗಳು ತಡಕೋ" ಎಂದೆ. ಯಾವ ಆಧಾರದ ಮೇಲೆ ಹೇಳಿದೆ? ಯಾವುದೂ ಇಲ್ಲ. ಬಾಯಿಗೆ ಬಂತು, ಹೇಳಿದೆ. ಅವಳು ನಂಬಿದಳು, ಯಾಕೆಂದರೆ ನಾನು ಅಕ್ಕ, ಅದರ ಮೇಲೆ ಕೊರಳುಗಾರ್ತಿ.

ಇಪ್ಪತ್ತು ದಿನದ ಮೇಲೆ ಒಂದು ಬೆಳಿಗ್ಗೆ ಅವಳು ಗೋಪುರದ ನೂರಾ ನಲವತ್ತನೆಯ ಮೆಟ್ಟಿಲಿನಲ್ಲಿ ಕೂತುಬಿಟ್ಟಳು. ಪದ ನಿಂತದ್ದನ್ನು ಕೇಳಿ ಮೇಲಿದ್ದ ಹುಡುಗಿ ಇಳಿದು ಬಂದು ನೋಡಿದಳಂತೆ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈಯಿಂದ ಎಣ್ಣೆಯ ಗಿಂಡಿ ಜಾರಿ ಮೆಟ್ಟಿಲ ಮೇಲೆಲ್ಲ ಹರಿದಿತ್ತು. ತಪ್ಪು ತಾಳದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿತ್ತೆಂದು ಈಗ ಬಲ್ಲೆ. ಸುದ್ದಿ ಬಂದ ಕೂಡಲೇ ಓಡಿದೆ. ಅವಳನ್ನು ಹೊತ್ತು ಇಳಿಸಿ, ತಪ್ಪಲಿನ ಆಸ್ಪತ್ರೆಯ ಗಾಡಿಗೆ ಹಾಕುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಯಾರೂ ನೋಡಲಿಲ್ಲ. ಅವಳ ಕೊರಳಿನ ಬಿಲ್ಲೆಯನ್ನು ಬಿಚ್ಚಿ ನನ್ನ ಸೆರಗಿನ ತುದಿಗೆ ಕಟ್ಟಿಕೊಂಡೆ. ಅಂದರೆ ನನಗೆ ಆಗಲೇ ಗೊತ್ತಿತ್ತು. ಪೂರ್ತಿ ಅಲ್ಲದಿದ್ದರೂ, ಬಿಚ್ಚಿ ಅಡಗಿಸುವಷ್ಟು ಗೊತ್ತಿತ್ತು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ತಾಳ್ಮೆಯ ಮನುಷ್ಯ. ನಾಡಿ ಹಿಡಿದು ತುಂಬಾ ಹೊತ್ತು ಕೂತರು. ಬೆವರುತ್ತಿದ್ದ ಅಂಗೈ ನೋಡಿದರು, ಚಾಚಿದ ಬೆರಳ ನಡುಕ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾವುದಾರ ಗುಳಿಗಿ ತಗೋತಿದ್ರೇನ್ರಿ ಇವರು?" ಎಂದು ಕೇಳಿದರು. "ಇಲ್ರೀ" ಎಂದೆ. ಅವರು ಮತ್ತೆ ಕೇಳಿದರು, "ಕೊರಳಿಂದು? ನೆನಪು ಮಾಡ್ಕೋರಿ." "ಇಲ್ರೀ ಸಾಹೇಬ್ರ, ಯಾವುದೂ ಇಲ್ಲ" ಎಂದು ಎರಡನೆಯ ಸಲವೂ ಹೇಳಿದೆ. ಹಾಸಿಗೆಯಲ್ಲಿ ಕಳಕವ್ವನ ಕಣ್ಣು ತೆರೆದಿತ್ತು. ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅಕ್ಕ ಯಾಕೆ ಹೀಗೆ ಹೇಳುತ್ತಿದ್ದಾಳೆ ಎಂದು ಅರ್ಥವಾಗದೆ ನೋಡುತ್ತಿದ್ದಳು. ಹನ್ನೊಂದು ದಿನ ಹಾಗೆಯೇ ಇದ್ದು ತೀರಿಕೊಂಡಳು. ಗುಳಿಗೆಯ ವಿಷಯ ಗೊತ್ತಿದ್ದರೆ ಆ ಹೃದಯವನ್ನು ಮೊದಲ ದಿನವೇ ಸಮಾಧಾನಕ್ಕೆ ತರಬಹುದಿತ್ತು. ಬದುಕುತ್ತಿದ್ದಳು ಎಂದು ಖಾತ್ರಿಯಾಗಿ ಹೇಳಲಾರೆ. ಬದುಕಲು ಇದ್ದ ಒಂದು ದಾರಿಯನ್ನು ನಾನು ಮುಚ್ಚಿದೆ ಎಂದು ಮಾತ್ರ ಹೇಳಬಲ್ಲೆ.

ಊರಿಗೆ ಮರಳಿ, ಎಣ್ಣೆಗೆ ಕಾಲು ಜಾರಿ ಬಿದ್ದಳು ಎಂದೆ. ಮೆಟ್ಟಿಲ ಮೇಲೆ ಎಣ್ಣೆ ಇದ್ದದ್ದು ನಿಜ, ಅವಳು ಕೂತದ್ದನ್ನು ಆ ಹುಡುಗಿಯೂ ಕಣ್ಣಾರೆ ಕಂಡಿರಲಿಲ್ಲ, ಆದ್ದರಿಂದ ಎಲ್ಲರೂ ಒಪ್ಪಿದರು. ಮೈದುನ ಕೇಳಿದಾಗಲೂ ಅದನ್ನೇ ಹೇಳಿದೆ. ಒಂಬತ್ತು ವರ್ಷದ ಕೊಟ್ರವ್ವ ನನ್ನ ತೊಡೆಯ ಮೇಲೆ ತಲೆಯಿಟ್ಟು, "ದೊಡ್ಡವ್ವ, ಅವ್ವ ದಿನಾ ಹತ್ತೋ ಮೆಟ್ಲು, ಹ್ಯಾಂಗ ಜಾರಿದ್ಲು?" ಎಂದು ಕೇಳಿದಳು. ಆಗಲೂ ಅದನ್ನೇ ಹೇಳಿದೆ. ಅಂದಿನಿಂದ ಆ ಕೂಸನ್ನು ಸಾಕಿದವಳು ನಾನು. ತಲೆ ಬಾಚಿದೆ, ಓದು ಕಲಿಸಿದೆ, ಮದುವೆ ಮಾಡಿದೆ. ಪಂಕ್ತಿಯ ಜನ ನನ್ನನ್ನು ದೊಡ್ಡ ಮನಸ್ಸಿನವಳು ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತೇನೆ.

ಕೆಲಸದಿಂದ ಬಿಡುಗಡೆಯಾದ ಮೇಲೆ ಹಳೆಯ ಪುಸ್ತಕಗಳಿರುವ ಕಲ್ಲುಕೋಣೆಗೆ ಹೋಗಿ ಕೂರತೊಡಗಿದೆ. ಇನ್ನೂರು ವರ್ಷದ ಹಿಂದಿನ ವೈದ್ಯರು ಬರೆದ ಹಾಳೆಗಳು ಅಲ್ಲಿವೆ. ಅವರಿಗೆ ಇದೆಲ್ಲ ಗೊತ್ತಿತ್ತು, ಮಗಳೇ. ಕೊಬ್ಬು ಮೈಗೆ ಅಂಟಿಕೊಂಡು ಸುಮ್ಮನೆ ಕೂತಿರುವ ಮೂಟೆಯಲ್ಲವಂತೆ. ಅದು ಲೆಪ್ಟಿನ್ ಎಂಬ ರಸವನ್ನು ಕಳಿಸಿ, ಇಲ್ಲಿ ಇಷ್ಟು ಸಂಗ್ರಹವಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕೊಬ್ಬು ಹೆಚ್ಚಿದಂತೆ ಸುದ್ದಿ ಹೆಚ್ಚುತ್ತದೆ. ಹಸಿವಿನ ವಿಷಯದಲ್ಲಿ ಮಿದುಳು ಆ ಸುದ್ದಿಗೆ ಕಿವುಡಾದರೂ, ಕೊರಳಿಗೆ ಕರೆ ಕಳಿಸುವ ಜಾಗವನ್ನು ಅದು ಎಬ್ಬಿಸುತ್ತಲೇ ಇರುತ್ತದೆ ಎಂದು ಹಲವರು ಬರೆದಿದ್ದರು. ಹಾಗಾಗಿ ತೂಕದವರಲ್ಲಿ ಮಿದುಳು ತುಸು ಜೋರಾಗಿ ಕೂಗುತ್ತದೆ. ಎಷ್ಟೋ ಸಲ ಕೊರಳಗ್ರಂಥಿ ಸರಿಯಾಗಿಯೇ ಇರುತ್ತದೆ, ಅದರ ರಸವೂ ಬೇಕಾದಷ್ಟಿರುತ್ತದೆ. ಜೋರು ಕೂಗು ತೂಕವನ್ನು ತಂದದ್ದಲ್ಲ, ತೂಕವೇ ಕೂಗನ್ನು ಜೋರು ಮಾಡಿದ್ದು. ತೂಕ ಇಳಿದರೆ ಬಹಳ ಮಂದಿಯಲ್ಲಿ ಕೂಗು ತಾನಾಗಿ ಇಳಿಯುತ್ತದೆ. ಉಪವಾಸ ಕೆಡವಿದರೆ ಸುದ್ದಿ ಒಮ್ಮೆಲೇ ಕಡಿಮೆಯಾಗಿ, ಮಿದುಳು ಹೆದರಿ ಕೂಗನ್ನೂ ತಗ್ಗಿಸಿ, ಮೈಯ ಒಲೆಯನ್ನು ಸಣ್ಣ ಮಾಡುತ್ತದೆ. ಇದರಲ್ಲಿ ತಮಗೆ ತಿಳಿಯದ್ದು ಇನ್ನೂ ಎಷ್ಟೋ ಇದೆ ಎಂದೂ ಅವರು ಪ್ರಾಮಾಣಿಕವಾಗಿ ಬರೆದಿದ್ದರು. ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳಿದ್ದರು: ಕೂಗನ್ನಷ್ಟೇ ಅಳೆಯಬೇಡಿ, ಕೊರಳಿನ ರಸವನ್ನೂ ಅಳೆಯಿರಿ, ಮನುಷ್ಯರನ್ನು ಕೇಳಿ.

ಆ ಹಾಳೆಯನ್ನು ಮುಚ್ಚಿಟ್ಟೆ. ನಮ್ಮ ಬಿಲ್ಲೆಗೆ ಕೊರಳಿನ ರಸವನ್ನು ಅಳೆಯಲು ಬರುವುದಿಲ್ಲ. ಅಂಕಿ ನಮ್ಮ ಕಾಲದವರೆಗೆ ಉಳಿದು ಬಂತು, ಅದರ ಜೊತೆಗಿದ್ದ ಎಚ್ಚರಿಕೆ ಕಲ್ಲುಕೋಣೆಯಲ್ಲಿ ಉಳಿದುಬಿಟ್ಟಿತು. ನನ್ನ ಅವ್ವನ ರೋಗವೇ ಬೇರೆ, ಕಳಕವ್ವನ ಸ್ಥಿತಿಯೇ ಬೇರೆ. ಅವ್ವನಿಗೆ ಚಳಿಯಾಗುತ್ತಿತ್ತು, ಕಳಕವ್ವ ಬೆವರುತ್ತಿದ್ದಳು. ಅಷ್ಟನ್ನು ಕಾಣಲು ಹಳೆಯ ಪುಸ್ತಕ ಬೇಕಿರಲಿಲ್ಲ.

ಈಗ ಈ ಕಾಗದವನ್ನು ಯಾಕೆ ಇವತ್ತೇ ಬರೆಯುತ್ತಿದ್ದೇನೆಂದು ಹೇಳುತ್ತೇನೆ. ನಾಳೆ ಬೆಳಗಿನ ಹೊತ್ತಿಗೆ ಗುಡ್ಡದ ಸಭೆ ಸೇರುತ್ತದೆ. ಸಭೆಯ ಹಿರಿಯರು ಮಹಾಗುಂಡಪ್ಪನವರು ಹೊಸ ಬಿಲ್ಲೆಯೊಂದನ್ನು ತರಿಸಿದ್ದಾರೆ. ಅದು ಕೂಗು ಓದುವುದಷ್ಟೇ ಅಲ್ಲ, ಜೋರಾದರೆ ತಾನೇ ಕೊರಳರಸವನ್ನು ಚರ್ಮದೊಳಗೆ ಬಿಡುತ್ತದೆ. ಕೂಗು ಇಳಿಯುವವರೆಗೂ ಬಿಡುತ್ತದೆ. ಕೊರಳುಗಾರ್ತಿಯೂ ಬೇಡ, ಕೇಳುವವರೂ ಬೇಡ. ಏಳು ಗುಡ್ಡಗಳ ಎಲ್ಲ ತೂಕದವರಿಗೂ, ಹತ್ತು ದಾಟಿದ ಮಕ್ಕಳಿಗೂ ಅದನ್ನು ಕಟ್ಟಬೇಕೆಂಬ ಆಲೋಚನೆಯಿದೆ. ಅದಕ್ಕೆ ಆಧಾರವಾಗಿ ಸಭೆಯಲ್ಲಿ ಓದುವುದು ಏನು ಗೊತ್ತೇ? ನಾನು ಚೆಂದದ ಅಕ್ಷರದಲ್ಲಿ ಬರೆದು ಕಳಿಸಿದ ಕಳಕವ್ವನ ವಿವರ. ಏಳರಿಂದ ಸೊನ್ನೆಯ ಹತ್ತಿರಕ್ಕೆ ಇಳಿದ ಕೂಗು, ಇಳಿದ ತೂಕ. ಕೊನೆಗೆ, ಅವಳು ಸತ್ತ ಮೇಲೆ ನಾನೇ ಬರೆದು ಸೇರಿಸಿದ ಸಾಲು: ದುರದೃಷ್ಟವಶಾತ್ ಕಾಲು ಜಾರಿ ಸಾವು. ಹೋದ ತಿಂಗಳು ಅದನ್ನು ಮೊದಲ ಸಲ ಸಭೆಯಲ್ಲಿ ಓದಿದಾಗ ನಾನು ಮುಂದಿನ ಸಾಲಿನಲ್ಲಿಯೇ ಇದ್ದೆ. ಜನ ನನ್ನ ಕಡೆ ತಿರುಗಿ ಕೈ ಮುಗಿದರು. ನಾನೂ ಕೈ ಮುಗಿದೆ.

ಮೊದಲ ಬಿಲ್ಲೆಯನ್ನು ಕಟ್ಟಿಸಿಕೊಳ್ಳಲು ಒಪ್ಪಿದವಳು ಕೊಟ್ರವ್ವ. ಅವಳೀಗ ಮೂವತ್ತೊಂದು ವರ್ಷದವಳು, ಈ ಪಂಕ್ತಿಯ ಕೊರಳುಗಾರ್ತಿ. ತಾಯಿಯದೇ ಮೈಕಟ್ಟು, ತಾಯಿಯದೇ ನಗು, ಕೂಗು ಆರೂವರೆ. ಮೂರು ವರ್ಷದ ಮಗಳಿದ್ದಾಳೆ, ಅವಳು ನಿನ್ನ ಮುತ್ತಜ್ಜಿ ಆಗಬೇಕು. ಇವತ್ತು ಬೆಳಿಗ್ಗೆ ಕೊಟ್ರವ್ವ ಓಡಿ ಬಂದು ನನ್ನ ಕಾಲ ಬಳಿ ಕೂತಳು. "ದೊಡ್ಡವ್ವ, ಅವ್ವ ಶುರು ಮಾಡಿದ್ದನ್ನ ನಾನು ಮುಗಸ್ತೀನಿ. ನಾಳಿಗೆ ಸಭಾದಾಗ ನೀನ ಕಟ್ಟಬೇಕು ನನ್ನ ಕೊರಳಿಗೆ. ಬ್ಯಾರೆ ಯಾರೂ ಬ್ಯಾಡ." ಅವಳ ಹಣೆಯ ಮೇಲೆ ಬೆವರಿನ ಹನಿಗಳಿದ್ದವು. ನನ್ನ ಸೆರಗಿನಿಂದ ಒರೆಸಿದೆ. ಆಗಲಿ ಎಂದೆ. ಕೇಳಿಸಿಕೊಂಡೆಯಾ? ಎಲ್ಲ ತಿಳಿದ ಮೇಲೂ ನನ್ನ ಬಾಯಿಂದ ಬಂದ ಮಾತು ಆಗಲಿ ಎಂಬುದೇ.

ಯಾಕೆಂದು ಕೇಳಿದರೆ ಹೇಳುತ್ತೇನೆ. ಸಭೆಗೆ ಹೆದರುವುದಿಲ್ಲ. ಈ ವಯಸ್ಸಿನಲ್ಲಿ ಅವರು ನನ್ನನ್ನು ಏನು ಮಾಡಿಯಾರು? ನನಗಿರುವ ಭಯ ಒಂದೇ. ನಿಜ ಗೊತ್ತಾದ ಮೇಲೆ ಕೊಟ್ರವ್ವ ನನ್ನನ್ನು ದೊಡ್ಡವ್ವ ಎಂದು ಕರೆಯುವುದಿಲ್ಲ. ಅವಳ ಮಗು ನನ್ನ ತೊಡೆ ಹತ್ತಲು ಬಂದರೆ ಎಳೆದುಕೊಂಡು ಹೋಗುತ್ತಾಳೆ. ನನಗೆ ಬೇರೆ ಯಾರೂ ಇಲ್ಲ. ತಾಯಿಯನ್ನು ಕೊಂದು ಮಗಳನ್ನು ಇಟ್ಟುಕೊಂಡೆ. ಈಗ ಮಗಳನ್ನು ಉಳಿಸಬೇಕಾದರೆ ಅವಳನ್ನು ಕಳೆದುಕೊಳ್ಳಬೇಕು. ಇದರಲ್ಲಿ ತೂಗಿ ನೋಡುವುದಕ್ಕೆ ಏನಿದೆ ಎಂದು ನೀನು ಕೇಳಬಹುದು. ಏನೂ ಇಲ್ಲ. ಆದರೂ ಬೆಳಗಿನಿಂದ ತೂಗುತ್ತಾ ಕೂತಿದ್ದೇನೆ, ಅಂಥವಳು ನಾನು.

ಒಂದು ಕೋರಿಕೆಯಿದೆ. ಇದನ್ನು ಓದಿ ಸಿಟ್ಟಿನಲ್ಲಿ ಗುಳಿಗೆಯನ್ನೇ ವಿಷವೆಂದು ಸಾರಬೇಡ. ನನ್ನ ಅವ್ವನಂಥವರಿಗೆ ಅದು ಉಸಿರು, ಬಿಟ್ಟರೆ ಅವರು ಮತ್ತೆ ಕೌದಿಯೊಳಗೆ ನಡುಗುತ್ತಾರೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತಿಳಿದವರು ರಸವನ್ನೂ ಅಳೆದು, ಮೈಯನ್ನೂ ನೋಡಿ ಹೇಳಲಿ. ತೂಕವಿದ್ದವರು ಸೆಕೆ ಎಂದರೆ ಸೆಕೆ ಎಂದು ನಂಬು. ಎದೆ ಬಡಿಯುತ್ತದೆ ಎಂದರೆ ಕೈಯಿಟ್ಟು ನೋಡು, ಇಟ್ಟ ಕೈಯನ್ನು ಎಳೆದುಕೊಳ್ಳಬೇಡ. ಕಳಕವ್ವ ಜಾರಲಿಲ್ಲ, ಎಣ್ಣೆ ಚೆಲ್ಲಿದ್ದು ಅವಳ ಅಜಾಗರೂಕತೆಯಲ್ಲ, ಆ ಮೆಟ್ಟಿಲುಗಳನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ ಎಂದು ನಿನ್ನ ಮಕ್ಕಳಿಗೆ ಹೇಳು.

ಕಾಗದವನ್ನು ಕಲ್ಲುಕೋಣೆಯಲ್ಲಿ, ಆ ಹಾಳೆಗಳ ನಡುವೆ ಇಡುತ್ತೇನೆ. ಅಲ್ಲಿಂದ ನೇರವಾಗಿ ಕೊಟ್ರವ್ವನ ಬಾಗಿಲಿಗೆ ಹೋಗಬೇಕೆಂದಿದ್ದೇನೆ. ಸಭೆಗಿಂತ ಮೊದಲು ಅವಳಿಗೆ, ಅವಳೊಬ್ಬಳಿಗೇ, ಮುಖ ನೋಡಿ ಹೇಳಬೇಕು. ಹಳೆಯ ಬಿಲ್ಲೆ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ಅದನ್ನೂ ಅವಳ ಕೈಗೆ ಕೊಡುತ್ತೇನೆ. ಹೊರಗೆ ಓಡಾಡಬಹುದೆಂದು ಸಾರುವ ಸಂಜೆಯ ಗಂಟೆ ಬಾರಿಸುವುದಕ್ಕೆ ಇನ್ನು ಸ್ವಲ್ಪವೇ ಹೊತ್ತಿದೆ.

ಆದರೆ ನನ್ನ ಮಾತನ್ನು ನಂಬಬೇಡ. ಡಾಕ್ಟರ ಮುಂದೆ, ಮೈದುನನ ಮುಂದೆ, ಆ ಕೂಸಿನ ಮುಂದೆ, ಸಭೆಯ ಮುಂದೆ, ನಾಲ್ಕು ಸಲ ನನಗೆ ಬಾಯಿ ಬರಲಿಲ್ಲ. ಹೇಳಿದೆನೋ ಇಲ್ಲವೋ ಎಂದು ತಿಳಿಯಲು ನಿನಗೆ ಒಂದೇ ಉಪಾಯವಿದೆ. ಓದುವುದನ್ನು ಒಂದು ಗಳಿಗೆ ನಿಲ್ಲಿಸಿ ನಿನ್ನ ಕೊರಳನ್ನು ಮುಟ್ಟಿ ನೋಡಿಕೋ. ಅಲ್ಲಿ ಏನೂ ಇಲ್ಲದಿದ್ದರೆ ನಾನು ಆ ಬಾಗಿಲು ತಟ್ಟಿದ್ದೇನೆ. ಏನಾದರೂ ಕೈಗೆ ತಾಕಿದರೆ, ಮಗಳೇ, ಅದನ್ನು ಮೊದಲು ಕಟ್ಟಿದವಳು ನಾನೇ.

ಫಕೀರವ್ವ